ಗೋಡೆ ಪಕ್ಕ ಬಿಟ್ಟ ದಾರ

ಹಲೋ, ಹಲೋ. ಮೈಕಿನ ಗುರುತು ಕೆಂಪಗಾಗಿದೆ. ಅಂದ್ರೆ ಕೇಳಿಸ್ಕೋತಿದೆ. ಸರಿ ಪುಟ್ಟಿ, ಕೇಳು.

ನೀನು ಕಳಿಸಿದ ಮೆಸೇಜನ್ನ ನಿಮ್ಮಮ್ಮನ ಹತ್ರ ಓದಿಸಿದೆ. ನನ್ನ ಕಣ್ಣಿನ ಕಥೆ ನಿಂಗೆ ಗೊತ್ತು, ಪೊರೆ ಬಂದು ಅಕ್ಷರ ಎಲ್ಲಾ ಹಾಲಿಗೆ ಬಿದ್ದ ಇರುವೆ ಥರ ಕಾಣುತ್ತೆ. "ತಾತ, ನಿಮ್ಮ ಲೆನ್ಸನ್ನ ಮೇಲಕ್ಕೆ ಸರಿಸಿದ ಕೂಡಲೇ ಕ್ಯಾಮೆರಾದ ಮೀಟರ್ ಮುಳ್ಳು ಎಲ್ಲೆಲ್ಲಿಗೋ ಓಡುತ್ತೆ, ಕೆಟ್ಟಿದೆಯಾ?" ಓದ್ತಾ ಓದ್ತಾ ಅವಳ ದನಿ ಸಣ್ಣಗಾಯ್ತು. ಫೋನನ್ನ ನನ್ನ ಕೈಗೆ ತುರುಕಿ, "ನೀನೇ ಹೇಳಪ್ಪ, ಹೇಳೋದು ಅಂದ್ರೆ ನಿಂಗೆ ಬಲು ಇಷ್ಟ ಅಲ್ವಾ" ಅಂತ ಅಡಿಗೆ ಮನೆಗೆ ಹೋದಳು. ಈಗ ಪಾತ್ರೆಗಳ ಮೇಲೆ ಸಿಟ್ಟು ತೀರಿಸ್ಕೋತಿದಾಳೆ. ಕೇಳಿಸ್ತಾ?

ಮೀಟರ್ ಕೆಟ್ಟಿಲ್ಲ ಕಣೆ. ಲೆನ್ಸು ಸೊನ್ನೆ ಗೆರೆಯಲ್ಲಿ, ಎಲ್ಲೂ ಸರಿಸದೆ ನೆಟ್ಟಗೆ ಇರುವಾಗಲೇ ಬೆಳಕು ಅಳೀಬೇಕು. ಕ್ಯಾಮೆರಾನ ಮ್ಯಾನ್ಯುಯಲ್‌ಗೆ ಹಾಕಿ, ಶಟರು, ಅಪರ್ಚರು ಎರಡನ್ನೂ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಲೆನ್ಸನ್ನ ಸರಿಸ್ಕೋ, ಬಗ್ಗಿಸ್ಕೋ, ನಿನ್ನ ಇಷ್ಟ. ಸರಿಸಿದ ಮೇಲೆ ಮುಳ್ಳು ಎಷ್ಟೇ ಕುಣಿದ್ರೂ ಅದರ ಕಡೆ ತಿರುಗಿ ನೋಡಬೇಡ. ಲೆನ್ಸು ಸರಿದಾಗ ಬೆಳಕು ಒಳಗೆ ಓರೆಯಾಗಿ ಬೀಳುತ್ತೆ, ಈ ಹಳೇ ಮೀಟರಿಗೆ ನೇರ ಬಂದ ಬೆಳಕು ಮಾತ್ರ ಗೊತ್ತಾಗೋದು. ಓರೆ ಬೆಳಕು ಬಂದ್ರೆ ಅದು ಕತ್ತಲೆ ಅಂದ್ಕೊಂಡು "ಇನ್ನೂ ಬೆಳಕು ಕೊಡು, ಇನ್ನೂ ಕೊಡು" ಅಂತ ಬಾಯಿ ಬಡ್ಕೊಳುತ್ತೆ. ನೀನು ನಂಬಿ ಕೊಟ್ಟೆ ಅಂದ್ರೆ ಫೋಟೋ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತೆ.

ಉತ್ತರ ಅಷ್ಟೇ. ಆದ್ರೆ ನಿಮ್ಮಮ್ಮ ಯಾಕೆ ಪಾತ್ರೆ ಕುಕ್ತಿದಾಳೆ ಅಂತ ನಿಂಗೆ ಗೊತ್ತಾಗಬೇಕು. ನಿಂಗೆ ಪರೀಕ್ಷೆ ಇತ್ತು ಅಂತ ಯಾರೂ ಪೂರ್ತಿ ಹೇಳಲಿಲ್ಲ. "ದೊಡ್ಡಜ್ಜಿ, ಮೇಷ್ಟ್ರು ತಾತ ಸ್ವಲ್ಪ ದಿನ ನಮ್ಮನೇಲಿ ಇರ್ತಾರೆ" ಅಂದ್ವಿ, ನೀನೂ ಸರಿ ಅಂದೆ. ಯಾಕೆ ಬಂದ್ರು ಅಂತ ಈಗ ಕೇಳು. ಅಲ್ಲದೆ ನನಗೆ ನಿನ್ನಿಂದ ಒಂದು ಕೆಲಸನೂ ಆಗಬೇಕಿದೆ, ಅದು ಕೊನೆಗೆ.

ಅಕ್ಕ, ಅಂದ್ರೆ ನಿನ್ನ ದೊಡ್ಡಜ್ಜಿ, ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಲೋ, ನಮ್ಮ ಮಲಗೋ ಕೋಣೆ ಬಾಗಿಲು ತಾನೇ ಮುಚ್ಕೊಳುತ್ತೆ ಕಣೋ."

"ಗಾಳಿಗೆ ಮುಚ್ಕೊಳುತ್ತೆ, ಅದಕ್ಕೇನೀಗ?"

"ಕಿಟಕಿ ಹಾಕಿದ್ರೂ ಮುಚ್ಕೊಳುತ್ತೆ. ಕಿಟಕಿ ಹಾಕೋದೂ ಕಷ್ಟ, ಚೌಕಟ್ಟು ಬಿಗಿ ಹಿಡಿದಿದೆ. ನಿನ್ನೆ ಮೊಸರಿನ ಪಾತ್ರೆ ನೋಡ್ದೆ. ಮೊಸರು ಒಂದು ಕಡೆ ಅಂಚಿಗೆ ಬಂದಿದೆ, ಇನ್ನೊಂದು ಕಡೆ ಇಲ್ಲ."

ಜೀವನ ಪೂರ್ತಿ ಕಟ್ಟಡಗಳ ಫೋಟೋ ತೆಗೆದೋನು ನಾನು. ಬಾಗಿಲು, ಕಿಟಕಿ, ಮೊಸರು ಮೂರೂ ಸೇರಿ ಒಂದೇ ದೂರು ಹೇಳ್ತಿವೆ ಅಂದ್ರೆ ಅದು ಗಾಳಿ ಅಲ್ಲ.

ಅವರ ಮನೆ ಇದ್ದದ್ದು ಮೇಲಿನ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಭಾವನಿಗೆ, ನಿನ್ನ ಮೇಷ್ಟ್ರು ತಾತನಿಗೆ, ಎರಡೂ ಮೊಣಕಾಲು ಹೋಗಿ ಎಷ್ಟೋ ಕಾಲದಿಂದ ಕೆಳಗೆ ಇಳಿದೇ ಇಲ್ಲ. ಇಡೀ ಆಯಸ್ಸು ಗಣಿತ ಪಾಠ ಹೇಳಿದ ಮನುಷ್ಯ, ವಾದ ಮಾಡೋಕೆ ಬೇರೆ ಯಾರೂ ಸಿಗದಿದ್ರೆ ರೇಡಿಯೋ ಜೊತೆ ಮಾಡ್ತಾನೆ. ನಾನು ನಿಮ್ಮಮ್ಮನ್ನ ಕರ್ಕೊಂಡು ಅವತ್ತೇ ಹೋದೆ. ಕೆಳಗಿನ ಮಹಡಿ ಗೋಡೆ ಮೇಲೆ ಓರೆಯಾಗಿ ಬಿರುಕು, ಬೆರಳು ತೂರಿಸಬಹುದು. ನಿಮ್ಮಮ್ಮ ರಸ್ತೆ ಆ ಕಡೆ ನಿಂತು ಫೋನಲ್ಲಿ ಫೋಟೋ ತೆಗೆದು ಭಾವನಿಗೆ ತೋರಿಸಿದಳು. "ಮಾವ, ನೋಡಿ, ವಾಲಿದೆ. ಇವತ್ತೇ ನಮ್ಮನೆಗೆ ಬನ್ನಿ."

ಭಾವ ನಕ್ಕ. "ನೀನು ಫೋನನ್ನ ಆಕಾಶಕ್ಕೆ ಎತ್ತಿ ತೆಗೆದಿದ್ದೀಯ. ಹಾಗೆ ತೆಗೆದ್ರೆ ಎಲ್ಲಾ ಕಟ್ಟಡನೂ ವಾಲುತ್ತೆ. ಪಕ್ಕದ ಬ್ಯಾಂಕ್ ನೋಡು, ಅದೂ ಬೀಳ್ತಾ ಇದೆ ನಿನ್ನ ಫೋಟೋದಲ್ಲಿ. ಅವರಿಗೂ ಹೇಳಿ ಬಾ ಹೋಗು, ದುಡ್ಡೆಲ್ಲಾ ಹೊರಗೆ ತನ್ನಿ ಅಂತ."

ತಪ್ಪೇನಿಲ್ಲ ನೋಡು ಅವನ ಮಾತಲ್ಲಿ. ಅದೇ ಸಂಕಟ. ಅಷ್ಟರಲ್ಲಿ ಕಟ್ಟಡದ ಸೆಕ್ರೆಟರಿ ಬಂದ. ಕೆಳಗಿನ ಮಹಡಿಯೋನು, ಇಸ್ತ್ರಿ ಮುರಿಯದ ಶರ್ಟು, ವಯಸ್ಸಾದ ತಾಯಿ ಜೊತೆ ಇರ್ತಾನೆ. "ಏನು ಸಾರ್, ಇದು ಕಟ್ಟಿದಾಗಿಂದ ಹೀಗೇ ಇದೆ. ಮೇಸ್ತ್ರಿ ಸ್ವಲ್ಪ ಆ ಕಡೆ ಈ ಕಡೆ ಮಾಡಿದಾನೆ. ಸುಮ್ನೆ ಜನರನ್ನ ಹೆದರಿಸಬೇಡಿ" ಅಂದ. ಅಕ್ಕ ನಗರಸಭೆ ಇಂಜಿನಿಯರನ್ನ ಕರೆಸೋಣ ಅಂತ ಫೋನ್ ಮಾಡಿದ್ರೆ, ಆ ಕಚೇರಿಯೋರು ಸೆಕ್ರೆಟರಿ ಕಡೆಯಿಂದಲೇ ದೂರು ಬರಲಿ ಅಂತಾರೆ. ಈ ಮಹಾಶಯ ದೂರು ಕೊಡಲ್ಲ.

"ಭಾವ, ದಮ್ಮಯ್ಯ ಅಂತೀನಿ. ಸುಮ್ನೆ ಎದ್ದು ಬನ್ನಿ" ಅಂದೆ.

"ಯಾಕೆ ಬರಲಿ? ಸಾಬೀತು ಮಾಡು, ಬರ್ತೀನಿ. ಸುಳ್ಳು ಹೇಳದ ಒಂದು ಫೋಟೋ ತಗೊಂಡು ಬಾ. ಕಂಪ್ಯೂಟರಲ್ಲಿ ತಿದ್ದಿದ್ದು ಬೇಡ. ಫಿಲ್ಮಲ್ಲಿ ತೆಗಿ, ಸ್ಲೈಡ್ ಆಗಿ ಬರಲಿ. ಈ ಕಿಟಕಿ ಬೆಳಕಿಗೆ ಹಿಡಿದು ನಾನೇ ನೋಡ್ತೀನಿ."

ಅಕ್ಕ ಬಾಗಿಲ ಹತ್ರ ನಿಂತು ಸೆರಗಿನ ತುದಿ ಹಿಂಡ್ತಿದ್ದಳು. "ನಾನು ಹೋಗಲಾ ಅಂದ್ರೆ ನೀನೊಬ್ಳೇ ಹೋಗು ಅಂತಾರೆ ಕಣೋ. ಹೇಗೆ ಹೋಗಲಿ?"

ಅಯ್ಯೋ, ಬೆರಳು ಜಾರಿ ಕಟ್ ಆಯ್ತು. ಎಲ್ಲಿದ್ದೆ? ಹಾಂ, ಸ್ಲೈಡು.

ಇದೆಲ್ಲಾ ಆದ್ಮೇಲೆ ಕ್ಯಾಮೆರಾ ಜೊತೆ ನಿಂಗೆ ಕಳಿಸಿಕೊಟ್ಟ ಲೆನ್ಸ್ ಇದೆಯಲ್ಲ, ಅದನ್ನ ಎಲ್ಲರೂ ಕಟ್ಟಡ ಚೆಂದ ಮಾಡೋ ಲೆನ್ಸು ಅಂತಾರೆ. ಕ್ಯಾಮೆರಾನ ಎತ್ತಬೇಕಿಲ್ಲ, ಮಟ್ಟವಾಗಿ ಇಟ್ಟು ಲೆನ್ಸನ್ನ ಮಾತ್ರ ಮೇಲಕ್ಕೆ ಸರಿಸಿದ್ರೆ ತುದಿವರೆಗೂ ಸಿಗುತ್ತೆ. ಗೋಡೆ ಹಿಂದಕ್ಕೆ ಬಿದ್ದ ಹಾಗೆ ಕಾಣಲ್ಲ. ನೆಟ್ಟಗಿರೋದು ನೆಟ್ಟಗೇ ಬರುತ್ತೆ. ಹಾಗಾದ್ರೆ ವಾಲಿರೋದು ವಾಲಿದ ಹಾಗೇ ಬರಬೇಕಲ್ಲ? ಇಷ್ಟು ವರ್ಷ ಶ್ರೀಮಂತರ ಮನೆ ನೆಟ್ಟಗೆ ತೋರಿಸಿ ಹೊಟ್ಟೆ ಹೊರ್ಕೊಂಡ ಲೆನ್ಸು, ಒಂದು ಸಲ ವಾಲಿದ್ದನ್ನ ತೋರಿಸಲಿ ಅಂದ್ಕೊಂಡೆ.

ಫ್ರಿಜ್ಜಲ್ಲಿ ಒಂದು ಹಳೇ ಸ್ಲೈಡ್ ರೋಲ್ ಇತ್ತು, ಬೆಣ್ಣೆ ಪಕ್ಕ. ನಿಮ್ಮಮ್ಮ ಎಷ್ಟು ಸಲ ಎಸೀತೀನಿ ಅಂದಿದ್ದಳೋ. ಅದನ್ನೇ ಕತ್ತಲಲ್ಲಿ ಮೂರು ತುಂಡು ಮಾಡಿ, ಒಂದನ್ನ ಕ್ಯಾಮೆರಾಗೆ ಹಾಕಿ, ಉಳಿದ ಎರಡನ್ನ ಮತ್ತೆ ಬೆಣ್ಣೆ ಪಕ್ಕಕ್ಕೇ ಇಟ್ಟೆ. ನನ್ನ ಕಣ್ಣಿಗೆ ಕ್ಯಾಮೆರಾದ ಕಿಂಡಿ ಕಾಣಲ್ಲ, ಹಾಗಾಗಿ ತೆಗೆಯೋಳು ಅವಳೇ. ಅವಳು ಈಗ ಬಳಸೋದು ಹೊಸ ಕ್ಯಾಮೆರಾ. ಅದರಲ್ಲಿ ಲೆನ್ಸ್ ಸರಿಸಿ, ಪರದೆ ಮೇಲೆ ನೋಡಿ, ಕಂಡ ಹಾಗೆ ಬೆಳಕು ಇಟ್ಕೊಂಡ್ರೆ ಸಾಕು, ಎಲ್ಲಾ ಸರಿ ಬರುತ್ತೆ. ಮೊದಲು ಸರಿಸು, ಆಮೇಲೆ ಅಳಿ. ವರ್ಷಗಟ್ಟಲೆ ಅವಳ ಕೈಗೆ ಅದೇ ಅಭ್ಯಾಸ. ಅವಳು ಮಾಡೋ ಕೆಲಸ ಚೊಕ್ಕ, ಅದನ್ನ ಯಾರೂ ಇಲ್ಲ ಅನ್ನೋ ಹಾಗಿಲ್ಲ.

ಬೆಳಿಗ್ಗೆ ಬಿಸಿಲು ಗೋಡೆ ಉದ್ದಕ್ಕೆ ಸವರ್ಕೊಂಡು ಬರೋ ಹೊತ್ತು ಸ್ವಲ್ಪವೇ. ಆಗ ಮಾತ್ರ ಬಿರುಕಿನ ನೆರಳು ಕಾಣೋದು. ಅಕ್ಕ ತಾರಸಿಗೆ ಹೋಗಿ ಮೂಲೆಯಿಂದ ಒಂದು ದಾರ ಇಳಿಬಿಟ್ಟಳು. ತುದಿಗೆ ಕಬ್ಬಿಣದ ಗುಂಡು. ಗಾರೆ ಕೆಲಸದೋರು ಗೋಡೆ ನೆಟ್ಟಗಿದೆಯಾ ಅಂತ ನೋಡೋಕೆ ಬಿಡ್ತಾರಲ್ಲ, ಹಾಗೆ. ದಾರ ಅಂತೂ ಸುಳ್ಳು ಹೇಳಲ್ಲ. ಆದ್ರೆ ಗಾಳಿಗೆ ತೂಗಾಡುತ್ತೆ. ಅದಕ್ಕೆ ಗುಂಡನ್ನ ಒಂದು ಬಕೆಟ್ ನೀರಲ್ಲಿ ಮುಳುಗಿಸಿಬಿಟ್ರೆ ಅಲ್ಲಾಡೋದು ನಿಲ್ಲುತ್ತೆ. ಆ ಬಕೆಟ್ ಕಾಯೋ ಕೆಲಸ ನನ್ನದು. ಬಿರುಕು ಬಿಟ್ಟ ಗೋಡೆ ಪಕ್ಕದಲ್ಲೇ ಕೂತಿದ್ದೆ. ಸುಳ್ಳು ಯಾಕೆ ಹೇಳಲಿ, ಕುತ್ತಿಗೆ ಹಿಂದೆ ಯಾರೋ ಉಸಿರು ಬಿಟ್ಟ ಹಾಗೆ ಅನ್ನಿಸ್ತಿತ್ತು.

ರಸ್ತೆ ಆ ಕಡೆಯಿಂದ ನಿಮ್ಮಮ್ಮ ಕೂಗಿದಳು. "ಅಪ್ಪಾ, ತಲೆ ಈ ಕಡೆ ತಗೋ, ನಿನ್ನ ಬೋಳು ಮಿಂಚ್ತಿದೆ!"

"ಸೊನ್ನೆಯಲ್ಲಿ ಬೆಳಕು ನೋಡಿದೆಯೇನೇ?"

ಬಸ್ಸೊಂದು ಅಡ್ಡ ಬಂತು. ಆಮೇಲೆ ಕೇಳಿಸಿದ್ದು "ಎಲ್ಲಾ ನೋಡಿದೀನಿ ಸುಮ್ನಿರಪ್ಪ!" ಅನ್ನೋದು.

ಸೆಕ್ರೆಟರಿ ಹಲ್ಲುಜ್ಜೋ ಬ್ರಷ್ಷು ಬಾಯಲ್ಲಿ ಇಟ್ಕೊಂಡೇ ಹೊರಗೆ ಬಂದ. "ಏನ್ ಸಾರ್, ಬಕೆಟ್ಟಲ್ಲಿ ಮೀನು ಸಿಕ್ತಾ?" ಅಂದ. ಅವನ ತಾಯಿ ಕಿಟಕಿಯಿಂದ ನೋಡ್ತಿದ್ದಳು. "ಚಳಿಯಲ್ಲಿ ಯಾಕೆ ಕೂತಿದೀರಪ್ಪ, ಟೀ ಕುಡೀತೀರಾ?" ಅಂತ ಕೇಳಿದಳು. ಆ ಮುದುಕಿ ಮುಖ ಇನ್ನೂ ಕಣ್ಣಲ್ಲಿದೆ.

ಸ್ಲೈಡ್ ತೊಳೆಯೋ ಲ್ಯಾಬು ಈಗ ದೂರದ ಊರಲ್ಲಿ ಒಂದೇ ಉಳಿದಿರೋದು. ಕಳಿಸಿ, ಬರೋವರೆಗೂ ಕಾಯಬೇಕು. ಕಾಯೋವಾಗಲೇ ಅಕ್ಕನ ಫೋನು, ಇವತ್ತು ಬಚ್ಚಲ ಮನೆ ಟೈಲ್ಸು ಪಟ್ ಅಂತ ಎದ್ದು ಬಂತು ಅಂತ, ಇವತ್ತು ಗೋಡೆ ಒಳಗೆ ಏನೋ ಕಿರ್ ಅಂತು ಅಂತ. ಭಾವ ಹಿಂದಿನಿಂದ ಕೂಗ್ತಿದ್ದ, "ನನ್ನ ಮೊಣಕಾಲೂ ಕಿರ್ ಅನ್ನುತ್ತೆ, ನಾನು ಬಿದ್ದೆನಾ?"

ಸ್ಲೈಡ್ ಬಂತು. ನಿಮ್ಮಮ್ಮ ಡಬ್ಬಿ ತೆಗೆದು ಬೆಳಕಿಗೆ ಹಿಡಿದಳು. ಹಾಗೇ ನನ್ನ ಕೈಗೆ ಕೊಟ್ಟಳು. ನಾನು ಕಣ್ಣಿಗೆ ಒತ್ತಿಕೊಂಡು ನೋಡ್ದೆ. ನನ್ನ ಪೊರೆ ಕಣ್ಣಿಗೆ ಎಲ್ಲಾ ಬೆಳ್ಳಗೇ ಕಾಣೋದು ನಿಜ, ಆದ್ರೆ ಇದು ಪೊರೆ ಅಲ್ಲ. ಗೋಡೆ ಇಲ್ಲ, ಬಿರುಕು ಇಲ್ಲ, ದಾರ ಇಲ್ಲ. ಸ್ಲೈಡ್ ಫಿಲ್ಮು ಬಹಳ ನಿಷ್ಠುರ, ಬೆಳಕು ಹೆಚ್ಚಾದ್ರೆ ಸುಟ್ಟೇ ಹೋಗುತ್ತೆ, ವಾಪಸ್ ತರೋಕೆ ಆಗಲ್ಲ. ಒಂದಷ್ಟು ಹೆಚ್ಚು, ಒಂದಷ್ಟು ಕಮ್ಮಿ ಅಂತ ಹಲವು ತೆಗೆದಿದ್ದಳು. ಆದ್ರೆ ಮೂಲದ ಅಳತೆನೇ ತಪ್ಪಾದ್ರೆ ಹೆಚ್ಚು ಕಮ್ಮಿ ಮಾಡಿ ಏನು ಬಂತು? ತೀರಾ ಕಮ್ಮಿ ಬೆಳಕಿನದು ಒಂದರಲ್ಲಿ ಮಾತ್ರ ದಾರ ಕೂದಲಿನಷ್ಟು, ಗೋಡೆಯ ಅಂಚು ಸೀಸದ ಕಡ್ಡಿಯಲ್ಲಿ ಎಳೆದು ಅಳಿಸಿದಷ್ಟು ಉಳ್ಕೊಂಡಿತ್ತು.

"ಸರಿಸಿದ ಮೇಲೆ ಅಳೆದೆ ಅಲ್ವಾ?" ಅಂದೆ.

"ಅಪ್ಪ, ನನ್ನ ಕ್ಯಾಮೆರಾದಲ್ಲಿ..."

"ಇದು ನಿನ್ನ ಕ್ಯಾಮೆರಾ ಅಲ್ಲ!"

"ಗೊತ್ತು! ಈಗ ಗೊತ್ತಾಯ್ತು! ಕೂಗಬೇಡ!" ಅಂದಳು. ಕೂತ್ಕೊಂಡು ಅತ್ತಳು ಕಣೆ. "ಅತ್ತೆಗೆ, ಮಾವನಿಗೆ ಏನಾದ್ರೂ ಆದ್ರೆ ನನ್ನಿಂದಾನೇ ಆಗಿದ್ದು ಅಂತಾಗುತ್ತೆ" ಅಂದಳು. ನಾನು ಎದ್ದು ಹೋಗಿ ಫ್ರಿಜ್ಜಿಂದ ಎರಡನೇ ತುಂಡು ತೆಗೆದು ಅವಳ ಮುಂದೆ ಇಟ್ಟೆ.

ಭಾವನಿಗೆ ಹೇಳಿದ್ವಿ. ಖುಷಿಯೋ ಖುಷಿ ಅವನಿಗೆ. "ನಿಮ್ಮ ಕ್ಯಾಮೆರಾಗೂ ಹೇಳೋಕೆ ಏನೂ ಸಿಕ್ಕಿಲ್ಲ ಬಿಡು" ಅಂದ.

ಮಾರನೇ ಬೆಳಿಗ್ಗೆನೇ ಮತ್ತೆ ಹೋದ್ವಿ. ನಿಮ್ಮಮ್ಮ ಮೊದಲ ಸಲವೇ ಕ್ಯಾಮೆರಾ ಸ್ಟ್ಯಾಂಡಿನ ಕಾಲು ಎಲ್ಲೆಲ್ಲಿ ಊರಿತ್ತು ಅಂತ ಫುಟ್‌ಪಾತಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿದ್ದಳು, ಅದು ನಮ್ಮ ಕಸುಬಿನೋರ ಚಾಳಿ. ಅದೇ ಗುರುತಿಗೆ ಕಾಲು ಇಟ್ಟು, ಅಷ್ಟೇ ಎತ್ತರಕ್ಕೆ ನಿಲ್ಲಿಸಿದಳು. ಈ ಸಲ ನಾನು ಬಕೆಟ್ ಬಿಟ್ಟು ಅವಳ ಪಕ್ಕ ನಿಂತೆ. ಅಕ್ಕನೇ ಅದೇ ಮೂಲೆಯಿಂದ ದಾರ ಬಿಟ್ಟು, ಕೆಳಗೆ ಬಂದು ಬಕೆಟ್ ಕಾದಳು.

"ಲೆನ್ಸು ಸೊನ್ನೆ" ಅಂದಳು ನಿಮ್ಮಮ್ಮ, ಜೋರಾಗಿ, ನನಗೆ ಕೇಳಲಿ ಅಂತ.

"ಹೂಂ."

"ಕ್ಯಾಮೆರಾನ ಗೋಡೆ ಕಡೆ ತಿರುಗಿಸಿದೆ, ಆಕಾಶ ಬಿಟ್ಟೆ. ಮುಳ್ಳು ನಡುವೆ ನಿಂತಿದೆ. ಮ್ಯಾನ್ಯುಯಲ್. ಇನ್ನು ಮುಟ್ಟಲ್ಲ."

"ಈಗ ಮೊದಲಿದ್ದ ಹಾಗೆ ಮಟ್ಟ ಮಾಡು. ಸರಿಸು."

ಹೋದ ಸಲದ ಗೆರೆವರೆಗೇ ತಿರುಪು ತಿರುಗಿಸಿದಳು. "ಮುಳ್ಳು ಕೆಳಗೆ ಬಿದ್ದೋಯ್ತು ಅಪ್ಪ. ಕತ್ತಲೆ ಅಂತಿದೆ."

"ಅನ್ನಲಿ ಬಿಡು. ಒತ್ತು."

ಕಣ್ಣೆದುರಿಗೆ ಮೀಟರು ತಪ್ಪು ತಪ್ಪು ಅಂತ ಹೇಳ್ತಿರುವಾಗ ಮೊದಲು ಕಂಡದ್ದನ್ನೇ ನಂಬಿ ನಿಲ್ಲೋದು ಸುಲಭ ಅಲ್ಲ ಪುಟ್ಟಿ. ಹೊತ್ತು ಸರೀತಿತ್ತು, ಬಿಸಿಲು ಗೋಡೆ ಮೇಲೆ ನೇರ ಬೀಳೋಕೆ ಶುರು ಆಗ್ತಿತ್ತು. ಒತ್ತಿದಳು.

ಆ ಸ್ಲೈಡ್ ಬಂದಾಗ ನೋಡಬೇಕಿತ್ತು ನೀನು. ಗಾರೆಯ ಒಂದೊಂದು ಕಣ, ಬಿರುಕಿನ ಒಳಗಿನ ನೆರಳು, ಬಿಳೀ ದಾರ. ಮೇಲೆ ಗೋಡೆಗೆ ಅಂಟಿಕೊಂಡ ದಾರ ಕೆಳಗೆ ಬರೋ ಹೊತ್ತಿಗೆ ಗೋಡೆ ಬಿಟ್ಟು ಎಷ್ಟೋ ದೂರ. ಪಕ್ಕದ ಬ್ಯಾಂಕು ಕಂಬದ ಹಾಗೆ ನೆಟ್ಟಗೆ.

ಭಾವ ಅದನ್ನ ಕಿಟಕಿಗೆ ಹಿಡಿದ. ಬಹಳ ಹೊತ್ತು ನೋಡಿದ.

"ಚೆನ್ನಾಗಿ ತೆಗೆದಿದ್ದೀಯಮ್ಮ" ಅಂದ. "ವಾಲಿದೆ. ಒಪ್ಪಿದೆ."

ಅಕ್ಕ ಆಗಲೇ ಬೀರು ಕಡೆ ಹೊರಟಿದ್ದಳು.

"ನಿಲ್ಲು. ವಾಲಿದೆ ಅಂದೆ, ಬೀಳ್ತಿದೆ ಅನ್ನಲಿಲ್ಲ. ಸೆಕ್ರೆಟರಿ ಹೇಳೋದೂ ಇದೇ ತಾನೇ, ಕಟ್ಟಿದಾಗಿಂದ ಹೀಗೇ ಇದೆ ಅಂತ. ಒಂದು ಫೋಟೋದಿಂದ ಅದು ಸುಳ್ಳು ಅಂತ ಹೇಗೆ ಹೇಳ್ತೀಯ?"

ನನಗೆ ಅವನ ಕತ್ತು ಹಿಸುಕಬೇಕು ಅನ್ನಿಸ್ತು. ನಿಜವಾಗಿ. "ಭಾವ, ನಿಮ್ಮ ತರ್ಕ ನಿಮ್ಮ ತಲೆ ಮೇಲೆ ಬೀಳುತ್ತೆ" ಅಂದೆ. ಅಕ್ಕ ಕಿಟಕಿ ಕಟ್ಟೆ ಮೇಲೆ ಕೂತುಬಿಟ್ಟಳು. "ನನಗೆ ಸಾಕಾಗಿದೆ. ಬಿದ್ರೆ ಇಬ್ರೂ ಬೀಳೋಣ" ಅಂದಳು. ಅದನ್ನ ಜೋರಾಗಿ ಹೇಳಿದ್ರೆ ಪರವಾಗಿರ್ತಿರಲಿಲ್ಲ. ಟೀ ಆಗಿದೆ ಅನ್ನೋ ಹಾಗೆ ಹೇಳಿದಳು.

ಭಾವ ಅವಳ ಕಡೆ ನೋಡಿದ. ಆಮೇಲೆ ಕೈ ಚಾಚಿದ. "ಆ ಕೆಟ್ಟು ಹೋದದ್ದು ಎಲ್ಲಿ?"

"ಯಾವುದು ಮಾವ?"

"ಮೊದಲನೇದು. ಸುಣ್ಣ ಬಳಿದದ್ದು. ಎಸೆದುಬಿಟ್ಟೆಯಾ?"

ಎಸೆದಿರಲಿಲ್ಲ. ನಿಮ್ಮಮ್ಮನ ಚೀಲದ ಒಳ ಜೇಬಲ್ಲೇ ಇತ್ತು. ಯಾಕೆ ಇಟ್ಕೊಂಡಿದ್ದಳೋ, ತನ್ನನ್ನ ತಾನೇ ಬೈಕೊಳೋಕೆ ಇರಬೇಕು. ಆ ಕೂದಲಷ್ಟು ದಾರ ಕಾಣೋದನ್ನ ಹುಡುಕಿ ಕೊಟ್ಟಳು. ಭಾವ ಒಂದರ ಮೇಲೆ ಒಂದು ಇಟ್ಟು ಕಿಟಕಿ ಗಾಜಿಗೆ ಒತ್ತಿದ. ದಾರಕ್ಕೆ ದಾರ ಕೂಡಿಸಿದ. ಮೇಲೆ ತಾರಸಿ ಮೂಲೆಗೆ ತಾರಸಿ ಮೂಲೆ ಕೂಡಿಸಿದ. ಎರಡೂ ಸರಿಯಾಗಿ ಕೂತವು.

ಗೋಡೆಯ ಅಂಚು ಕೂರಲಿಲ್ಲ.

ಬುಡದಲ್ಲಿ ಎರಡೂ ಗೆರೆ ಒಂದರ ಮೇಲೊಂದು ಇರಬೇಕಿತ್ತು. ಬದಲಿಗೆ ನಡುವೆ ಸಣ್ಣ ಬೆಳಕಿನ ಸೀಳು. ನನ್ನ ಕಣ್ಣಿಗೇ ಕಾಣಿಸ್ತು ಅಂದ್ಮೇಲೆ ನೀನೇ ಲೆಕ್ಕ ಹಾಕು. ಎರಡು ಫೋಟೋ ನಡುವೆ ಕಳೆದದ್ದು ಬರೀ ಲ್ಯಾಬಿಗೆ ಹೋಗಿ ಬಂದಷ್ಟು ಕಾಲ. ಕಟ್ಟಿದಾಗಿಂದ ಹೀಗೇ ಇರೋ ಗೋಡೆ ಅಷ್ಟರಲ್ಲಿ ಸರಿಯಲ್ಲ.

ಭಾವನ ಕೈ ಕೆಳಗೆ ಬಂತು. ಆಮೇಲೆ ಬಹಳ ಮೆಲ್ಲಗೆ ಅಂದ, "ಗ್ಯಾಸ್ ಆಫ್ ಮಾಡೇ. ನಿನ್ನ ಕನ್ನಡಕ ತಗೋ. ಬೇರೆ ಏನೂ ಬೇಡ."

ಅವನನ್ನ ಕುರ್ಚಿಯಲ್ಲಿ ಕೂರಿಸಿ ಇಳಿಸಿದ್ವಿ. ನಿಮ್ಮಮ್ಮ ಒಂದು ಕಡೆ, ಅದೇ ಮಹಡಿಯ ಎದುರು ಮನೆ ಡ್ರೈವರ್ ಒಂದು ಕಡೆ. ಪ್ರತಿ ಮಹಡಿಯಲ್ಲೂ "ನಿಲ್ಲಿಸಿ" ಅಂದು, ಬಾಗಿಲು ತಟ್ಟಿಸಿ, ಸ್ಲೈಡ್ ಎರಡೂ ಸೇರಿಸಿ ಹಿಡಿದು ಪಾಠ ಹೇಳಿದ. ಡ್ರೈವರ್ ಅವತ್ತೇ ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋದ. ಇನ್ನೂ ಕೆಲವರು ಹೋದ್ರು. ಸೆಕ್ರೆಟರಿ ಮಾತ್ರ ಸ್ಲೈಡ್ ನೋಡಿ, ವಾಪಸ್ ಕೊಟ್ಟು, "ಒಂದು ಕೆಟ್ಟು ಹೋದ ಫೋಟೋ, ಒಂದು ಸರಿ ಇರೋ ಫೋಟೋ. ಇದೆಂಥ ಹೋಲಿಕೆ ಸಾರ್?" ಅಂದ. ಭಾವ ಸ್ಲೈಡ್ ಎರಡನ್ನೂ ಜೇಬಿಗೆ ಹಾಕ್ಕೊಂಡ. ತಾನು ಕೇಳೋ ಪ್ರಶ್ನೆಯನ್ನೇ ಅವನು ಕೇಳಿದ್ದ.

ಅಕ್ಕ ಇನ್ನೂ ಇಳಿದಿರಲಿಲ್ಲ. ಹತ್ತಿ ಹೋಗಿ ನೋಡಿದ್ರೆ ಬಾಗಿಲ ಮುಂದೆ ನಿಂತು ಬೀಗದ ಕೈ ತಿರುಗಿಸ್ತಿದಾಳೆ, ತಿರುಗಿಸ್ತಿದಾಳೆ, ಚಿಲಕ ತೂತಿಗೆ ಕೂರ್ತಿಲ್ಲ. ಚೌಕಟ್ಟೇ ಸೊಟ್ಟಗಾಗಿದೆ. "ಬಿಡೇ ಅಕ್ಕ" ಅಂದೆ. "ಬಾಗಿಲು ತೆಗೆದಿಟ್ಟು ಹೇಗೋ ಹೋಗೋದು?" ಅಂತ ಅತ್ತಳು. ಅಲ್ಲಿವರೆಗೂ ಅತ್ತಿರಲಿಲ್ಲ ಅವಳು.

ಅವತ್ತಿಂದ ಇಲ್ಲಿದಾರೆ. ಕಟ್ಟಡ ಬಿದ್ದಿಲ್ಲ. ಸೆಕ್ರೆಟರಿ ಇನ್ನೂ ಅಲ್ಲೇ ಇದಾನೆ. ಯಾರೋ ಕೇಳಿದ್ರೆ "ನೋಡಿ, ಬಿತ್ತಾ?" ಅಂತ ನಗ್ತಾನಂತೆ. ಇಲ್ಲಿ ಭಾವ ಪ್ರತಿ ಬೆಳಿಗ್ಗೆ ನನ್ನ ಕೇಳ್ತಾನೆ, "ಏನಾದ್ರೂ ಸುದ್ದಿ ಬಂತಾ?" ಇಲ್ಲ ಅಂದ್ರೆ ಅವನ ಮುಖದಲ್ಲಿ ಒಂದು ನಿರಾಸೆ ಬರುತ್ತೆ. ಬಂದ ಕೂಡಲೇ ಅವನಿಗೇ ಅದು ಗೊತ್ತಾಗಿ ತಲೆ ತಗ್ಗಿಸ್ತಾನೆ. ನಿನ್ನೆ ಹೇಳಿದ, "ನನ್ನ ಮನೆ ಬೀಳಲಿ ಅಂತ ನಾನೇ ಕಾಯೋ ಹಾಗಾಯ್ತಲ್ಲೋ. ಆ ಮುದುಕಿ ಒಳಗೆ ಟೀ ಕಾಸ್ತಿರ್ತಾಳೆ, ನಾನು ಇಲ್ಲಿ ಕೂತು ನನ್ನ ಲೆಕ್ಕ ಸರಿ ಆಗಲಿ ಅಂತೀನಿ."

ಆಮೇಲೆ ಅಂದ, "ಇನ್ನೊಂದು ತೆಗೆಸು. ಮೂರನೇದು. ಎರಡೂ ಸರಿ ಇರೋ ಫೋಟೋ ತೋರಿಸಿದ್ರೆ ಅವನ ಬಾಯಿ ಕಟ್ಟುತ್ತೆ. ಆಗಲಾದ್ರೂ ತಾಯಿನ ಹೊರಗೆ ಕರ್ಕೊಂಡು ಬರ್ತಾನೇನೋ."

ಅದಕ್ಕೇ ಪುಟ್ಟಿ, ಕಾಲೇಜಿನ ಕೆಲಸ ಆಮೇಲೆ ಆಗಲಿ. ಕ್ಯಾಮೆರಾ, ಲೆನ್ಸು ಎರಡೂ ತಗೊಂಡು ಮೊದಲ ಬಸ್ಸಿಗೆ ಹೊರಟು ಬಾ. ಫಿಲ್ಮಿನ ಮೂರನೇ ತುಂಡು ಇನ್ನೂ ಉಳಿದಿದೆ, ಬೆಣ್ಣೆ ಪಕ್ಕದಲ್ಲೇ. ಈ ಸಲ ನೀನೇ ತೆಗಿ. ನಿಮ್ಮಮ್ಮ ಗೋಡೆ ಹತ್ರ ಬಕೆಟ್ ಕಾಯ್ತೀನಿ ಅಂತಿದಾಳೆ. ನಾನು "ನೀನು ಬೇಡ, ನಾನೇ ಕಾಯ್ತೀನಿ" ಅಂದೆ. ಪಾತ್ರೆ ಸದ್ದು ಅದಕ್ಕೇ.